ಊರಿಗೆ ಸಾಂಕ್ರಾಮಿಕ ಬಂದಾಗ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಬಗೆ

2021ರ ಬೇಸಿಗೆಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಕಟ್ಟೆಗಳಲ್ಲಿ ಒಂದೇ ಮಾತು: ಕೋವಿಡ್‌ನ ಮೂರನೇ ಅಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದಂತೆ. 2022ರ ಜನವರಿಯಲ್ಲಿ ಒಮಿಕ್ರಾನ್ ಅಲೆ ಬಂತು. ಬಹುಪಾಲು ಮಕ್ಕಳು ಎರಡು ಮೂರು ದಿನ ಜ್ವರ, ನೆಗಡಿ ಅನುಭವಿಸಿ ಎದ್ದು ಓಡಾಡಿದರು. ಆದರೆ ಪೆಟ್ಟು ಬೇರೆ ಕಡೆಯಿಂದ ಅದಾಗಲೇ ಬಿದ್ದಿತ್ತು. ಅಂಗನವಾಡಿಯ ಬಾಗಿಲು ಮುಚ್ಚಿತ್ತು, ಲಸಿಕೆಯ ಸರದಿ ತಪ್ಪಿತ್ತು, 2020ರ ಮಾರ್ಚ್‌ನಲ್ಲಿ ಶಾಲೆ ಬಿಟ್ಟ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಬೆಂಚಿನ ಮೇಲೆ ಕೂತದ್ದು 2021ರ ಅಕ್ಟೋಬರ್ 25ರಂದು. 2021ರಲ್ಲಿ ಜಗತ್ತಿನಾದ್ಯಂತ ಎರಡೂವರೆ ಕೋಟಿ ಮಕ್ಕಳಿಗೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ) ಲಸಿಕೆಯ ಒಂದಾದರೂ ಡೋಸ್ ತಪ್ಪಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕ ಕೊಟ್ಟವು. 2022ರ ಕೊನೆಗೆ ಮುಂಬಯಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತರು.

ಹೊಸ ರೋಗಕ್ಕೆ ಹೆದರುವ ಭರದಲ್ಲಿ ಮಗುವಿನ ಮಾಮೂಲು ಆರೈಕೆಯನ್ನು ಕೈಬಿಟ್ಟರೆ ಆಗುವ ನಷ್ಟ ರೋಗದ ನಷ್ಟಕ್ಕಿಂತ ದೊಡ್ಡದಾಗಬಹುದು. ಕೆಳಗಿನ ಕ್ರಮವನ್ನು ಬರೆದಿರುವುದು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕೋವಿಡ್ ಮುಗಿದ ಅಧ್ಯಾಯವೆಂದು ಭಾವಿಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮುಂದಿನದು ಯಾವ ಹೆಸರಿನಲ್ಲಿ ಬಂದರೂ ಮಗುವಿಗೆ ಮಾಡಬೇಕಾದ ಕೆಲಸ ಹೆಚ್ಚು ಬದಲಾಗುವುದಿಲ್ಲ.

1. ಈ ರೋಗ ಯಾರ ಮೇಲೆ ಬೀಳುತ್ತದೆ, ಕೇಳಿ ತಿಳಿಯಿರಿ

ಎಲ್ಲ ಮಹಾಮಾರಿಗಳ ಸ್ವಭಾವವೂ ಒಂದೇ ಅಲ್ಲ. ಕೋವಿಡ್ ವಯಸ್ಸಾದವರನ್ನು ಹೆಚ್ಚು ಕಾಡಿತು. 2009ರ ಎಚ್1ಎನ್1 ಜ್ವರ ಮಕ್ಕಳನ್ನು, ಹರೆಯದವರನ್ನು, ಗರ್ಭಿಣಿಯರನ್ನು ಹೆಚ್ಚು ಹಿಡಿಯಿತು. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಮೂರು ಪ್ರಶ್ನೆ ಕೇಳಿ. ಇದು ಗಾಳಿಯಿಂದ ಬರುವುದೋ, ನೀರಿನಿಂದಲೋ, ಸೊಳ್ಳೆಯಿಂದಲೋ? ಯಾವ ವಯಸ್ಸಿನವರಿಗೆ ಜೋರಾಗುತ್ತದೆ? ಏನು ಕಂಡರೆ ಮನೆಯಲ್ಲಿ ಕೂರದೆ ಹೊರಡಬೇಕು? ಫಾರ್ವರ್ಡ್ ಆದ ಆಡಿಯೋ ತುಣುಕುಗಳಲ್ಲಿ ಈ ಮೂರಕ್ಕೂ ನೇರ ಉತ್ತರ ಸಿಗುವುದಿಲ್ಲ. ಸಂಶಯವಿದ್ದರೆ 104ಕ್ಕೆ ಕರೆ ಮಾಡಿ. ಆರೋಗ್ಯ ಸಹಾಯವಾಣಿ ಇರುವುದೇ ಅದಕ್ಕೆ.

ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗು, ಪದೇ ಪದೇ ಉಬ್ಬಸ ಬರುವ ಮಗು, ಮೂತ್ರಪಿಂಡದ ಕಾಯಿಲೆಗೆ ಅಥವಾ ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವ ಮಗು, ತೀರಾ ಸೊರಗಿದ ಮಗು, ಅತಿಯಾಗಿ ದಪ್ಪವಿರುವ ಮಗು: ಇವರ ವಿಷಯದಲ್ಲಿ ಯಾವ ಸಾಂಕ್ರಾಮಿಕ ಬಂದರೂ ಒಂದು ಹೆಜ್ಜೆ ಮುಂಚಿತವಾಗಿ ಎಚ್ಚರವಹಿಸಬೇಕು. ಮೂರ್ಛೆರೋಗದ ಮಾತ್ರೆ, ಉಬ್ಬಸದ ಇನ್‌ಹೇಲರ್‌ಗಳನ್ನು ‘ಈಗ ಬೇಡ, ಆಮೇಲೆ ನೋಡೋಣ’ ಎಂದು ನಿಲ್ಲಿಸಬಾರದು. ಬಸ್ಸು ನಿಲ್ಲುವ ಮುಂಚೆಯೇ ಒಂದು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಿ.

2. ಒಂದು ಚೀಲ ಸಿದ್ಧ ಮಾಡಿ

ತಾಯಿ ಕಾರ್ಡ್ (ಮಗುವಿನ ಲಸಿಕೆ, ತೂಕ ಬರೆಯುವ ಕಾರ್ಡ್), ಆಧಾರ್, ಆಯುಷ್ಮಾನ್ ಕಾರ್ಡ್, ಪಡಿತರ ಚೀಟಿಯ ನಕಲು, ಡಿಜಿಟಲ್ ಥರ್ಮಾಮೀಟರ್, ಪ್ಯಾರಸಿಟಮಾಲ್ ಸಿರಪ್, ನಾಲ್ಕಾರು ಪೊಟ್ಟಣ ಓಆರ್‌ಎಸ್, ಜಿಂಕ್ ಮಾತ್ರೆ. ಇಷ್ಟು ಒಂದೇ ಕಡೆ ಇರಲಿ. ರಾತ್ರಿ ಎರಡು ಗಂಟೆಗೆ ಬೀರುವಿನ ಸೀರೆಗಳ ನಡುವೆ ಕಾರ್ಡ್ ಹುಡುಕುವುದು ಯಾರಿಗೂ ಬೇಡ.

ಚೀಲದಷ್ಟೇ ಮುಖ್ಯವಾದದ್ದು ಮಗುವಿನ ತೂಕ. ಮಕ್ಕಳ ಔಷಧದ ಅಳತೆ ನಿಲ್ಲುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಅಂಗನವಾಡಿಯಲ್ಲಿ ತೂಗಿಸಿ, ದಿನಾಂಕದೊಡನೆ ತಾಯಿ ಕಾರ್ಡಿನಲ್ಲಿ ಬರೆಸಿ. ಅಂಗನವಾಡಿ ಮುಚ್ಚಿದ್ದರೆ ದಿನಸಿ ಅಂಗಡಿಯ ತಕ್ಕಡಿಯಾದರೂ ಆಯಿತು: ಮಗುವನ್ನು ಎತ್ತಿಕೊಂಡು ನಿಂತು ಒಮ್ಮೆ, ಮಗುವಿಲ್ಲದೆ ಒಮ್ಮೆ ತೂಗಿ, ಮೊದಲಿನದರಿಂದ ಎರಡನೆಯದನ್ನು ಕಳೆಯಿರಿ.

ಆಶಾ, ನರ್ಸ್, ಊರಿನಲ್ಲಿ ರಾತ್ರಿಯೂ ಫೋನ್ ಎತ್ತುವ ಆಟೋದವರು, ಈ ಮೂವರ ನಂಬರ್‌ಗಳನ್ನು ಗೋಡೆಯ ಮೇಲೆ ಬರೆದಿಡಿ. ಮೊಬೈಲ್ ಚಾರ್ಜ್ ಮುಗಿದಾಗ ಗೋಡೆಯೇ ಗತಿ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆ ಸೇರಬೇಕಾಗಿ ಬಂದರೆ ಮಗು ಯಾರ ಮನೆಯಲ್ಲಿರಬೇಕು ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ. ಅಪಶಕುನದ ಮಾತೆಂದು ಅಜ್ಜಿ ಗದರಿದರೂ ಸರಿಯೇ.

3. ರೋಗವನ್ನು ಹೊಸಿಲಿನಲ್ಲೇ ತಡೆಯಿರಿ

ಈ ಪಾಠವನ್ನು ನಮ್ಮ ರೇಷ್ಮೆ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ; ಕೈಕಾಲು ತೊಳೆಯದೆ ಸೊಪ್ಪು ಹಾಕುವುದಿಲ್ಲ; ಹಾಲುತೊಂಡೆ ರೋಗ ಬಂದ ಹುಳುವನ್ನು ಕಂಡ ತಕ್ಷಣ ಆಯ್ದು ಬೇರೆ ಮಾಡುತ್ತಾರೆ; ಮನೆಯಲ್ಲಿ ಗಾಳಿ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಹುಳುವಿಗೆ ತೋರಿಸುವ ಈ ಶಿಸ್ತಿನಲ್ಲಿ ಅರ್ಧದಷ್ಟನ್ನು ಮಗುವಿರುವ ಕೋಣೆಗೆ ತೋರಿಸಿದರೆ ಸಾಕು. ನೆಲಕ್ಕೆ ಬ್ಲೀಚಿಂಗ್ ಸುರಿಯಬೇಕೆಂದು ಇದರ ಅರ್ಥವಲ್ಲ. ಮಗುವಿನ ಕೈಗಾಗಲಿ, ಮೈಗಾಗಲಿ ಅದು ತಾಕಲೇಬಾರದು. ಅಲ್ಲಿಗೆ ಸೋಪು, ನೀರು ಸಾಕು.

ಟೊಮೆಟೊ ಮಂಡಿಯಿಂದಲೋ, ಗೂಡಿನ ಮಾರುಕಟ್ಟೆಯಿಂದಲೋ, ಸಂತೆಯಿಂದಲೋ ಬಂದವರು ಸೋಪಿನಲ್ಲಿ ಇಪ್ಪತ್ತು ಸೆಕೆಂಡು ಕೈ ತೊಳೆದು, ಅಂಗಿ ಬದಲಿಸಿ ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಎದುರುಬದುರಿನ ಎರಡು ಕಿಟಕಿ ತೆರೆದಿರಲಿ. ಗೂಡು ಬಿಚ್ಚುವ ಮನೆಗಳಲ್ಲಿ ಒಲೆಯ ಹೊಗೆಯೂ ಕುದಿಯುವ ನೀರಿನ ಹಬೆಯೂ ಸೇರಿ ಉಸಿರಾಟಕ್ಕೆ ಕಷ್ಟ. ಅಂಥ ಕಡೆ ಕೂಸನ್ನು ಜೋಲಿಯಲ್ಲಿ ಮಲಗಿಸುವ ರೂಢಿ ಸಾಂಕ್ರಾಮಿಕದ ಕಾಲದಲ್ಲಂತೂ ನಿಲ್ಲಲಿ. ಮದುವೆ, ಜಾತ್ರೆ, ತಿಥಿಗಳಿಗೆ ದೊಡ್ಡವರು ಹೋಗಿ ಬಂದರೆ ಸಾಕು.

ಕೋವಿಡ್ ಕಾಲದ ಮಾಸ್ಕ್ ನಿಯಮ ಸರಳವಾಗಿತ್ತು: ಐದು ವರ್ಷದವರೆಗಿನ ಮಕ್ಕಳಿಗೆ ಬೇಡ, ಆರರಿಂದ ಹನ್ನೊಂದರವರಿಗೆ ದೊಡ್ಡವರ ಕಣ್ಣೆದುರಿನಲ್ಲಿ, ಹನ್ನೆರಡು ದಾಟಿದವರಿಗೆ ದೊಡ್ಡವರಂತೆಯೇ. ಎಳೆಗೂಸಿನ ಮುಖಕ್ಕೆ ಬಟ್ಟೆ ಕಟ್ಟುವುದು ರಕ್ಷಣೆಯಲ್ಲ, ಅಪಾಯ.

ಪ್ಲೇಗು ಬಂದ ಕಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಈ ಸೀಮೆಯ ಹಲವು ಊರುಗಳಲ್ಲಿ ಪ್ಲೇಗಮ್ಮನ ಗುಡಿ ಇಂದಿಗೂ ಇದೆ. ಪೂಜೆಯ ಜೊತೆಗೆ ಅವರು ಅಂತರ, ಗಾಳಿ ಎರಡನ್ನೂ ನಂಬಿದ್ದರು ಎಂಬುದನ್ನು ಮರೆಯಬಾರದು.

4. ಲಸಿಕೆಯ ಗುರುವಾರ ತಪ್ಪಿಸಬೇಡಿ

ಬೇರೆ ಯಾವ ಕೆಲಸ ಬಿಟ್ಟರೂ ಇದನ್ನು ಬಿಡಬೇಡಿ. ಸಾಮಾನ್ಯವಾಗಿ ಗುರುವಾರ ಉಪಕೇಂದ್ರದಲ್ಲೋ ಅಂಗನವಾಡಿಯಲ್ಲೋ ಲಸಿಕೆ ಹಾಕುತ್ತಾರೆ. ಲಾಕ್‌ಡೌನ್‌ನಂಥ ದಿನಗಳಲ್ಲಿ ವಾರ, ಜಾಗ ಬದಲಾಗಬಹುದು. ಆಶಾ ಕಾರ್ಯಕರ್ತೆಗೆ ಹಿಂದಿನ ದಿನವೇ ಫೋನ್ ಮಾಡಿ ಸಮಯ ಕೇಳಿಕೊಂಡರೆ ಗುಂಪಿನಲ್ಲಿ ಕಾಯುವುದು ತಪ್ಪುತ್ತದೆ. ಮಗುವಿನ ಜೊತೆ ಒಬ್ಬರೇ ಹೋಗಿ.

ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಡಿಪಿಟಿಯೂ ಸೇರಿ ಐದು ರೋಗ ತಡೆಯುವ ಪೆಂಟಾವಲೆಂಟ್, ಪೋಲಿಯೋ, ಭೇದಿ ತಡೆಯುವ ರೋಟಾ. ಅದರ ಜೊತೆಗೆ ಆರು ಮತ್ತು ಹದಿನಾಲ್ಕನೇ ವಾರಗಳಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಡೋಸ್, ಪಿಸಿವಿ ಬೂಸ್ಟರ್, ಎ ಅನ್ನಾಂಗದ ಮೊದಲ ಗುಟುಕು. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ಒಳಗೆ ದಡಾರ-ರುಬೆಲ್ಲಾ ಎರಡನೆಯದು ಮತ್ತು ಡಿಪಿಟಿ ಬೂಸ್ಟರ್. ಐದಾರು ವರ್ಷಕ್ಕೆ ಇನ್ನೊಂದು ಡಿಪಿಟಿ. ಹತ್ತಕ್ಕೂ ಹದಿನಾರಕ್ಕೂ ಟಿಡಿ (ಧನುರ್ವಾಯು, ಗಂಟಲುಮಾರಿಯದು). ದೊಡ್ಡ ಮಕ್ಕಳ ಲಸಿಕೆ ಶಾಲೆಯ ಮೂಲಕ ನಡೆಯುವುದರಿಂದ, ಶಾಲೆ ಮುಚ್ಚಿದರೆ ಅದನ್ನು ಕೇಳುವವರೇ ಇರುವುದಿಲ್ಲ. ನೀವೇ ಕೇಳಿ ಹಾಕಿಸಬೇಕು. ಕೋಲಾರ ಸೀಮೆಗೆ ಜಪಾನೀಸ್ ಮಿದುಳುಜ್ವರ ಹಳೆಯ ಶತ್ರು. ಆ ಲಸಿಕೆಯ ಎರಡು ಡೋಸ್ ಕಾರ್ಡಿನಲ್ಲಿ ಗುರುತಾಗಿದೆಯೇ ಎಂದು ನೋಡಿಕೊಳ್ಳಿ.

ತಪ್ಪಿಹೋದರೆ? ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಕೆಲವು ಲಸಿಕೆಗಳಿಗೆ ವಯಸ್ಸಿನ ಮಿತಿ ಇರುವುದರಿಂದ ತಿಂಗಳುಗಟ್ಟಲೆ ಮುಂದೂಡಬೇಡಿ. ಸಣ್ಣ ನೆಗಡಿ, ಸ್ವಲ್ಪ ಭೇದಿ ಇದ್ದರೆ ಲಸಿಕೆ ಕೊಡಿಸಬಾರದೆಂಬುದು ತಪ್ಪು ನಂಬಿಕೆ. ಜೋರು ಜ್ವರವಿದ್ದರೆ, ಅಥವಾ ಮಗುವಿಗೇ ಸಾಂಕ್ರಾಮಿಕ ತಗುಲಿದ್ದರೆ, ವಾಸಿಯಾದ ಮೇಲೆ ಹಾಕಿಸಿ. ಚುಚ್ಚಿದ ರಾತ್ರಿ ಮಗು ಅತ್ತಿತೆಂದು ಮುಂದಿನ ಸರದಿ ತಪ್ಪಿಸುವ ಅಪ್ಪಂದಿರು ಊರಿಗೆ ಇಬ್ಬರಾದರೂ ಇರುತ್ತಾರೆ. ಒಂದು ರಾತ್ರಿಯ ಅಳುವಿಗೆ ಹೆದರಿ ನಾಯಿಕೆಮ್ಮಿಗೆ ಬಾಗಿಲು ತೆರೆಯುವುದು ಜಾಣತನವಲ್ಲ.

ಹೊಸ ರೋಗಕ್ಕೆ ಲಸಿಕೆ ಬಂದಾಗ ಮಕ್ಕಳ ಸರದಿ ತಡವಾಗಿಯೇ ಬರುತ್ತದೆ. ಕೋವಿಡ್‌ನಲ್ಲಿ 15ರಿಂದ 18ರವರಿಗೆ ಶುರುವಾದದ್ದು 2022ರ ಜನವರಿ 3ಕ್ಕೆ, 12ರಿಂದ 14ರವರಿಗೆ ಅದೇ ವರ್ಷದ ಮಾರ್ಚ್ 16ಕ್ಕೆ. ಅಲ್ಲಿಯವರೆಗೆ ಮನೆಯ ದೊಡ್ಡವರು ಹಾಕಿಸಿಕೊಳ್ಳುವ ಲಸಿಕೆಯೂ ಮಗುವಿಗೆ ಒಂದು ಆಸರೆ.

5. ತಟ್ಟೆಯ ಮೇಲೆ ಕಣ್ಣಿರಲಿ

ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ಮೊಳಕೆ ರಾಗಿಯ ಸರಿ, ಚೆನ್ನಾಗಿ ಬೆಂದ ಬೇಳೆ, ಕಿವುಚಿದ ಬಾಳೆಹಣ್ಣು, ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ. ವರ್ಷ ತುಂಬಿದ ಮಗು ಮನೆಮಂದಿಯ ಮುದ್ದೆ, ಸೊಪ್ಪಿನ ಸಾರನ್ನೇ ಖಾರ ಕಡಿಮೆ ಮಾಡಿ ತಿನ್ನಬಹುದು. ಕೂಲಿ ನಿಂತ ತಿಂಗಳಲ್ಲಿ ಮೊದಲು ತಪ್ಪುವುದು ಕಾಳು, ಮೊಟ್ಟೆ, ಹಾಲು. ಅಂಥ ಹೊತ್ತಿಗೆ ಬದುವಿನ ಬೆರಕೆ ಸೊಪ್ಪು, ಹಿತ್ತಿಲ ನುಗ್ಗೆ, ಮನೆಯಲ್ಲಿರುವ ಹುರುಳಿ, ಅವರೆ ಕೈಹಿಡಿಯುತ್ತವೆ. ಪೇಟೆಯ ‘ಇಮ್ಯೂನಿಟಿ’ ಪುಡಿಯ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಮೊಟ್ಟೆ ಬರುತ್ತವೆ ಎಂದು ಒಮ್ಮೆ ಲೆಕ್ಕ ಹಾಕಿ.

ಅಂಗನವಾಡಿ ಮುಚ್ಚಿದಾಗ ಮನೆಗೆ ಕೊಡುವ ಆಹಾರದ ಪೊಟ್ಟಣ ಮಗುವಿನ ಪಾಲು. ಅದನ್ನು ಕೇಳಿ ಪಡೆಯಿರಿ, ಮಗುವಿಗೇ ಕೊಡಿ. ಅಂಗನವಾಡಿ ಕಾರ್ಯಕರ್ತೆಯ ಬಳಿ ಮಗುವಿನ ರಟ್ಟೆ ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಅಂದರೆ ಕೆಂಪಿನಲ್ಲಿ ನಿಂತರೆ, ಅದು ತೀವ್ರ ಅಪೌಷ್ಟಿಕತೆ. ಸಾಂಕ್ರಾಮಿಕ ಕಳೆಯಲೆಂದು ಕಾಯದೆ ವೈದ್ಯರಿಗೆ ತೋರಿಸಬೇಕು.

ನೀರಿನ ಬಗ್ಗೆ ಒಂದು ಮಾತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ನಮ್ಮ ಬೋರ್‌ವೆಲ್‌ಗಳ ಫ್ಲೋರೈಡ್ ಹೋಗುವುದಿಲ್ಲ. ಮಗುವಿಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ, ಕ್ಯಾನ್ ತೊಳೆದು ಮುಚ್ಚಿಡಿ.

6. ಜ್ವರ ಬಂದರೆ

ಎರಡು ತಿಂಗಳೊಳಗಿನ ಕೂಸಿಗೆ ಮೈ ಬಿಸಿಯಾದರೆ ಮನೆಮದ್ದು, ಕಾದು ನೋಡುವುದು ಎರಡೂ ಇಲ್ಲ, ನೇರ ಆಸ್ಪತ್ರೆ. ದೊಡ್ಡ ಮಕ್ಕಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಹಣೆ ಮುಟ್ಟಿ ಹೇಳುವ ಲೆಕ್ಕಕ್ಕಿಂತ ಥರ್ಮಾಮೀಟರಿನ ಲೆಕ್ಕ ವಾಸಿ.

ಪ್ಯಾರಸಿಟಮಾಲ್ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ. ದಿನಕ್ಕೆ ನಾಲ್ಕು ಸಲ ಮೀರಬಾರದು. ಎಡವಟ್ಟಾಗುವುದು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದದೇ ಇರುವುದರಿಂದ. ಹತ್ತು ಕಿಲೋ ತೂಗುವ ಮಗುವನ್ನೇ ತೆಗೆದುಕೊಳ್ಳಿ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ 4ರಿಂದ 6 ಮಿಲಿಲೀಟರ್. 250 ಮಿಲಿಗ್ರಾಂ ಇರುವುದಾದರೆ 2ರಿಂದ 3 ಮಾತ್ರ. ಕೂಸುಗಳಿಗೆ ಕೊಡುವ ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ ಅಂದುಕೊಂಡು ಚಮಚದಲ್ಲಿ ಕುಡಿಸಿದರೆ ಡೋಸ್ ಎರಡರಿಂದ ನಾಲ್ಕು ಪಟ್ಟು ಏರಿ ಯಕೃತ್ತಿಗೆ ಅಪಾಯ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೋ ಸಿರಿಂಜನ್ನೋ ಬಳಸಿ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆಯಿರಿ. ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ.

ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೆ ಔಷಧ ಕುಡಿಸಲು ಎಬ್ಬಿಸಬೇಕಿಲ್ಲ. ಕಂಬಳಿ ಹೊದಿಸಿ ಬೆವರಿಸುವುದೂ ತಣ್ಣೀರಿನಲ್ಲಿ ಒರೆಸುವುದೂ ಬೇಡ. ತೆಳು ಬಟ್ಟೆ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ. ಗಂಜಿ, ಮಜ್ಜಿಗೆ, ಎಳನೀರು, ರಾಗಿ ಅಂಬಲಿ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಿ. ಭೇದಿಯೂ ಇದ್ದರೆ ಓಆರ್‌ಎಸ್: ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಪುಡಿ ಇಂದು, ಅರ್ಧ ನಾಳೆ ಎಂಬ ಉಳಿತಾಯ ಬೇಡ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ ಕಾಲಿನಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೊಂದು 20 ಮಿಲಿಗ್ರಾಂ ಜಿಂಕ್ ಮಾತ್ರೆ, ಭೇದಿ ನಿಂತರೂ ಬಿಡದೆ ಒಟ್ಟು ಹದಿನಾಲ್ಕು ದಿನ ಪೂರ್ತಿ.

ಕೊಡಬಾರದ್ದರ ಪಟ್ಟಿ ಇದಕ್ಕಿಂತ ಉದ್ದ. ಆಸ್ಪಿರಿನ್ ಬೇಡವೇ ಬೇಡ. ಐಬುಪ್ರೊಫೆನ್ ವೈದ್ಯರು ಹೇಳದೆ ಬೇಡ, ಡೆಂಗಿ ಇರುವ ಮಳೆಗಾಲದಲ್ಲಂತೂ ಆ ಕಡೆ ನೋಡಬೇಡಿ. ಕಳೆದ ಸಲ ಉಳಿದ ಆಂಟಿಬಯಾಟಿಕ್, ಸ್ಟಿರಾಯ್ಡ್ ಮಾತ್ರೆ, ಮೆಡಿಕಲ್ ಅಂಗಡಿಯಲ್ಲಿ ‘ಜ್ವರಕ್ಕೆ ಒಂದು ಸೆಟ್ ಕೊಡಿ’ ಎಂದರೆ ಕಾಗದದಲ್ಲಿ ಕಟ್ಟಿಕೊಡುವ ನಾಲ್ಕು ಬಣ್ಣದ ಮಾತ್ರೆ, ಇವು ಯಾವುವೂ ಮಗುವಿಗೆ ಸಲ್ಲವು. ಕೆಮ್ಮಿನ ಸಿರಪ್ ಎರಡು ವರ್ಷದೊಳಗಿನವರಿಗೆ ಬರೆಯಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿಯೇ ಹೇಳಿತು. ವರ್ಷ ದಾಟಿದ ಮಗುವಿನ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಸಾಕು; ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡುವಾಗ ಪಾತ್ರೆ ಮಗುಚಿ ಸುಡುವ ಭಯವಿದೆ, ಅದನ್ನು ಬಿಟ್ಟುಬಿಡಿ. ಕರ್ಪೂರ ಹೊಟ್ಟೆಗೆ ಹೋದರೆ ಸೆಳವು ಬರುತ್ತದೆ, ಅದರ ಪೊಟ್ಟಣ ಮಗುವಿನ ಕೈಗೆ ಸಿಗದಿರಲಿ. ಕಾಳುಮೆಣಸು, ಒಣಶುಂಠಿಯ ಕಷಾಯವನ್ನು ದೊಡ್ಡ ಮಕ್ಕಳು ಒಂದೆರಡು ಗುಟುಕು ಕುಡಿದರೆ ತೊಂದರೆಯಿಲ್ಲ. ಅದು ರೋಗ ಓಡಿಸುತ್ತದೆಂದು ನಂಬಿ ಕೂರುವುದೇ ತೊಂದರೆ.

7. ಉಸಿರು ಎಣಿಸುವುದನ್ನು ಕಲಿಯಿರಿ

ಇದಕ್ಕೆ ಬೇಕಾದದ್ದು ಮೊಬೈಲಿನ ಗಡಿಯಾರ ಮಾತ್ರ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಥವಾ ನಿದ್ದೆಯಲ್ಲಿರುವಾಗ ತೊಡೆಯ ಮೇಲೆ ಮಲಗಿಸಿಕೊಂಡು ಅಂಗಿಯನ್ನು ಎದೆಯವರೆಗೆ ಮೇಲೆತ್ತಿ. ಬೆಳಕು ಹೊಟ್ಟೆಯ ಮೇಲೆ ಬೀಳುವಂತಿರಲಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಮಕ್ಕಳ ಉಸಿರು ಏರುಪೇರಾಗಿ ಸಾಗುವುದರಿಂದ ಪೂರ್ತಿ ಒಂದು ನಿಮಿಷ ಬೇಕು. ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಿ.

ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಲ್ಲಿ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದಲ್ಲಿ 40 ಅಥವಾ ಹೆಚ್ಚು, ಅದರ ಮೇಲಿನವರಲ್ಲಿ 30 ಅಥವಾ ಹೆಚ್ಚು: ಇವು ವೇಗದ ಉಸಿರು, ಅಂದೇ ವೈದ್ಯರು ನೋಡಬೇಕು. ಎಣಿಸುವಾಗಲೇ ಪಕ್ಕೆಯ ಕೆಳಭಾಗವನ್ನು ಗಮನಿಸಿ. ಉಸಿರೆಳೆದಾಗ ಅಲ್ಲಿ ಎದೆ ಉಬ್ಬುವ ಬದಲು ಒಳಕ್ಕೆ ಸೇದಿಕೊಂಡರೆ ಎಣಿಕೆ ಎಷ್ಟೇ ಇರಲಿ, ತಡಮಾಡಬೇಡಿ.

ಆಕ್ಸಿಮೀಟರ್ ಇದ್ದರೆ ಒಳ್ಳೆಯದೇ. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ, 90ಕ್ಕಿಂತ ಕೆಳಗೆ ತೀವ್ರ. ಆದರೆ ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಕೈ ತಣ್ಣಗಿದ್ದರೂ, ಉಗುರಿಗೆ ಬಣ್ಣ ಹಚ್ಚಿದ್ದರೂ ಅಂಕೆ ತಪ್ಪುತ್ತದೆ. ಅಂಕೆ 97 ಇದ್ದು ಮಗು ಏದುಸಿರು ಬಿಡುತ್ತಿದ್ದರೆ ಮಗುವನ್ನು ನಂಬಿ, ಯಂತ್ರವನ್ನಲ್ಲ.

8. ಹೊರಡಲೇಬೇಕಾದ ಹೊತ್ತು

ಕುಡಿಯಲು, ಮೊಲೆ ಚೀಪಲು ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಸೆಳವು ಬಂದರೆ, ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಕಾದರೆ, ತುಟಿ ನೀಲಿಯಾದರೆ, ಎಂಟು ಗಂಟೆಗಳ ಕಾಲ ಮೂತ್ರ ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಸೆಳವು ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ; ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ; ಕೈಗೆ ಬೀಗದಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ.

ಎಲ್ಲಿಗೆ? ಬಾಗೇಪಲ್ಲಿಯಿಂದಲೋ ಪಾವಗಡದಿಂದಲೋ ನೇರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೇ ಕರೆದೊಯ್ಯುತ್ತೇವೆಂದು ಹೊರಡುವವರಿದ್ದಾರೆ. ಆಸೆ ಅರ್ಥವಾಗುತ್ತದೆ. ಆದರೆ ಉಸಿರಾಟ ಕಷ್ಟವಿರುವ ಮಗುವಿಗೆ ಮೊದಲು ಬೇಕಾದದ್ದು ಆಮ್ಲಜನಕ, ಅದು ತಾಲ್ಲೂಕು ಆಸ್ಪತ್ರೆಯಲ್ಲಿದೆ. ಅಲ್ಲಿ ಸ್ಥಿತಿ ಸುಧಾರಿಸಿ, ಬೇಕಿದ್ದರೆ ಚಿಕ್ಕಬಳ್ಳಾಪುರದ ಅಥವಾ ತುಮಕೂರಿನ ಜಿಲ್ಲಾಸ್ಪತ್ರೆಗೆ, ಕೋಲಾರದವರಾದರೆ ಎಸ್‌ಎನ್‌ಆರ್ ಆಸ್ಪತ್ರೆಗೆ, ಅಲ್ಲಿಂದ ಚೀಟಿ ಬರೆಸಿಕೊಂಡು ಮುಂದಕ್ಕೆ. ದಾರಿಯುದ್ದಕ್ಕೂ ಎಚ್ಚರವಿರುವ ಮಗುವಿಗೆ ಎದೆಹಾಲು ಮುಂದುವರಿಸಿ.

9. ಅಮ್ಮನಿಗೇ ಬಂದರೆ

ಕೋವಿಡ್ ಬಂದ ತಾಯಿಯೂ ಮಾಸ್ಕ್ ಹಾಕಿ, ಕೈ ತೊಳೆದು ಎದೆಹಾಲು ಕೊಡಬಹುದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ತೀರಾ ಸುಸ್ತಾಗಿದ್ದರೆ ಹಾಲು ಹಿಂಡಿ, ಬೇರೊಬ್ಬರು ಒಳಲೆಯಲ್ಲಿ ಕುಡಿಸಲಿ. ಬಾಟಲಿ, ಡಬ್ಬಿ ಹಾಲಿಗೆ ಆತುರಪಡಬೇಡಿ. ಒಂದೇ ಕೋಣೆಯ ಮನೆಯಲ್ಲಿ ಪ್ರತ್ಯೇಕವಾಸ ಕಷ್ಟವೆಂಬುದು ನಿಜ; ಕಿಟಕಿಯ ಕಡೆ ರೋಗಿಯ ಚಾಪೆ, ಎದುರು ಮೂಲೆಯಲ್ಲಿ ಮಗುವಿನದು, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರೇ ನಿಗದಿ. ಆ ಒಬ್ಬರು ಅರವತ್ತು ದಾಟಿದ ಅಜ್ಜಿಯಾಗದಿದ್ದರೆ ಒಳ್ಳೆಯದು.

ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ‘ದತ್ತು ಕೊಡುತ್ತೇವೆ’ ಎಂಬ ಸಂದೇಶಗಳು 2021ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಅಂಥದ್ದನ್ನು ಹಂಚಬೇಡಿ, ಅದು ಕಾನೂನುಬಾಹಿರ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

10. ಶಾಲೆ ಮುಚ್ಚಿದ ದಿನಗಳು

ಇಲ್ಲಿ ಭಯಪಡಬೇಕಾದದ್ದು ವೈರಾಣುವಿಗಿಂತ ಹೆಚ್ಚಾಗಿ ನೀರಿಗೆ. ಬರಗಾಲದ ನಮ್ಮ ಜಿಲ್ಲೆಗಳಲ್ಲಿ ಕೃಷಿ ಹೊಂಡಗಳು ಹೊಲಹೊಲಕ್ಕೂ ಬಂದಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಕೋಲಾರದ ಕೆರೆಗಳು ತುಂಬಿವೆ, ಆಮೇಲೆ ಎಚ್.ಎನ್. ವ್ಯಾಲಿಯಿಂದ ಚಿಕ್ಕಬಳ್ಳಾಪುರದವೂ. ಒಣಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಮಕ್ಕಳಿಗೆ ಈಜು ಬಾರದು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ನಿಮ್ಮ ಹೊಂಡಕ್ಕೆ ಬೇಲಿ ಹಾಕಿ. ಅಷ್ಟಾಗದಿದ್ದರೆ ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದನ್ನು ತೇಲಿಬಿಡಿ. ಮಧ್ಯಾಹ್ನ ದೊಡ್ಡವರು ಮಲಗುವ ಹೊತ್ತಿನಲ್ಲಿ ಮಕ್ಕಳು ಎಲ್ಲಿದ್ದಾರೆಂದು ಒಬ್ಬರಾದರೂ ನೋಡುತ್ತಿರಲಿ.

ಸ್ಯಾನಿಟೈಸರ್, ಫಿನಾಯಿಲ್, ತೋಟಕ್ಕೆ ಹೊಡೆಯುವ ಔಷಧಿ, ಯಾವುದನ್ನೂ ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಒಲೆ, ದೀಪದ ಬಳಿ ಹೋಗಬಾರದೆಂದು ಮಕ್ಕಳಿಗೆ ಹೇಳಿಕೊಡಿ.

ದೊಡ್ಡವರು ಸಾವಿನ ಎಣಿಕೆಯನ್ನು ದಿನವಿಡೀ ಟಿವಿಯಲ್ಲಿ ನೋಡುತ್ತಿದ್ದರೆ ಆರು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಆಶ್ಚರ್ಯವಿಲ್ಲ. ಬೈಯಬೇಡಿ. ಏನಾಗುತ್ತಿದೆ ಎಂಬುದನ್ನು ಮಗುವಿನ ವಯಸ್ಸಿಗೆ ತಕ್ಕಷ್ಟು ನಿಜವಾಗಿ ಹೇಳಿ. ಏಳುವ, ಉಣ್ಣುವ, ಮಲಗುವ ಹೊತ್ತು ಮೊದಲಿನಂತೆಯೇ ಇರಲಿ. ಹದಿಹರೆಯದವರು ಮಾತು ಬಿಟ್ಟು ಮೂಲೆ ಸೇರಿದರೆ, ಊಟ ನಿದ್ದೆ ಕೆಟ್ಟರೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಶಾಲೆ ಮುಚ್ಚಿದೆಯೆಂದು ಹೆಣ್ಣುಮಗುವಿಗೆ ಗಂಡು ಹುಡುಕುವ ಮಾತು ನೆರೆಮನೆಯಲ್ಲಿ ಕೇಳಿಬಂದರೂ ಅದೇ 1098.

11. ವಾಸಿಯಾದ ಮೇಲೆ

ಕೋವಿಡ್ ವಾಸಿಯಾಗಿ ಎರಡರಿಂದ ಆರು ವಾರಗಳಲ್ಲಿ ಕೆಲವೇ ಕೆಲವು ಮಕ್ಕಳಲ್ಲಿ ಮತ್ತೆ ಜ್ವರ ಏರಿ, ಕಣ್ಣು ತುಟಿ ಕೆಂಪಾಗಿ, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ ಕಾಣಿಸಿಕೊಂಡಿತ್ತು. ದೇಹದ ಹಲವು ಅಂಗಗಳಿಗೆ ಉರಿಯೂತ ಹರಡುವ ಸ್ಥಿತಿಯದು. ಬೇಗ ಗುರುತಿಸಿದರೆ ಚಿಕಿತ್ಸೆ ಇದೆ. ದದ್ದು ಕಂಡು ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನಸೊಪ್ಪು ಕಟ್ಟಿ ಕೂರದೆ ಆಸ್ಪತ್ರೆಗೆ ಹೋಗಿ. ಮೊದಲು ಜ್ವರ ಬಂದ ತಾರೀಖನ್ನು ತಾಯಿ ಕಾರ್ಡಿನ ಹಿಂದೆ ಬರೆದಿಟ್ಟಿದ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಎದ್ದ ಮಗುವಿಗೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ. ಆಟಕ್ಕೆ ಬಿಡಿ, ಆದರೆ ಓಡಿದಾಗ ಎದೆನೋವು, ತಲೆಸುತ್ತು ಎಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎರಡು ವಾರದ ಮೇಲೆ ಮತ್ತೊಮ್ಮೆ ತೂಗಿಸಿ. ಹಳೆಯ ತೂಕಕ್ಕೆ ಬಂದಿಲ್ಲವಾದರೆ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ತೀವ್ರವಾಗಿ ಸೊರಗಿದ ಮಕ್ಕಳನ್ನು ಅಮ್ಮನ ಜೊತೆಗೇ ಸೇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಅಲ್ಲಿಂದಲೇ ಬರೆದು ಕಳುಹಿಸುತ್ತಾರೆ.